ಉಪಾಧ್ಯಾಯರ ವೇತನವೂ ಮಾತುಕತೆಯ ಹಕ್ಕೂ

2023ನೆಯ ಇಸವಿಯ ಮಾರ್ಚ್ ತಿಂಗಳ ಮೊದಲನೆಯ ದಿನ, ಕರ್ನಾಟಕ ವಿಧಾನಸಭೆಯ ಚುನಾವಣೆಗೆ ಎರಡು ತಿಂಗಳಷ್ಟು ಮಾತ್ರ ಉಳಿದಿದ್ದು, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಅದೇ ತಿಂಗಳ ಕೊನೆಗೆ ಗೊತ್ತಾಗಿದ್ದ ಸಮಯದಲ್ಲಿ, ರಾಜ್ಯ ಸರ್ಕಾರಿ ನೌಕರರ ಸಂಘದ ಕರೆಗೆ ಓಗೊಟ್ಟು ಸರ್ಕಾರಿ ಶಾಲೆಗಳ ಉಪಾಧ್ಯಾಯರೂ ಇತರ ಇಲಾಖೆಗಳ ನೌಕರರೊಡನೆ ಕೆಲಸಕ್ಕೆ ಹಾಜರಾಗದೆ ಉಳಿದರು. ಏಳನೆಯ ವೇತನ ಆಯೋಗದ ವರದಿ ಬರುವತನಕ ಶೇಕಡ 40ರಷ್ಟು ಮಧ್ಯಂತರ ಪರಿಹಾರ ಕೊಡಬೇಕು, 2006ರಿಂದೀಚೆಗೆ ಸೇರಿದವರಿಗೆ ತಪ್ಪಿಹೋದ ಹಳೆಯ ನಿವೃತ್ತಿವೇತನ ಪದ್ಧತಿಯನ್ನು ಮರಳಿ ಜಾರಿಗೆ ತರಬೇಕು ಎಂಬುವು ಅಂದಿನ ಮುಖ್ಯ ಬೇಡಿಕೆಗಳು. ಹೊತ್ತು ಇಳಿಯುವ ಮುನ್ನವೇ, ಏಪ್ರಿಲ್ 1ರಿಂದ ಅನ್ವಯಿಸುವಂತೆ ಮೂಲವೇತನದ ಶೇಕಡ 17ರಷ್ಟು ಮಧ್ಯಂತರ ಪರಿಹಾರವನ್ನು ಮಂಜೂರು ಮಾಡಿದ ಸರ್ಕಾರಿ ಆದೇಶ ಹೊರಬಿದ್ದಿತು. ನಿವೃತ್ತಿವೇತನದ ವಿಷಯವನ್ನು ಒಂದು ಸಮಿತಿಯ ಪರಿಶೀಲನೆಗೆ ಒಪ್ಪಿಸಲಾಯಿತು. ಅನಿರ್ದಿಷ್ಟ ಕಾಲದ್ದೆಂದು ಸಾರಿದ್ದ ಮುಷ್ಕರ ಒಂದು ಹಗಲಿನೊಳಗೆ ಮುಗಿಯಿತು.

ಆ ದಿನ ನಡೆದದ್ದು ಯಾವ ದೃಷ್ಟಿಯಿಂದ ನೋಡಿದರೂ ಚೌಕಾಶಿಯೇ. ಒಂದು ಪಕ್ಷ ನಲವತ್ತು ಕೇಳಿತು, ಇನ್ನೊಂದು ಪಕ್ಷ ಹದಿನೇಳು ಕೊಟ್ಟಿತು, ಇಬ್ಬರಿಗೂ ಕಾಲದ ಒತ್ತಡವಿತ್ತು, ಇಬ್ಬರೂ ಏನನ್ನೋ ಬಿಟ್ಟುಕೊಟ್ಟರು. ಆದರೆ ನಮ್ಮ ಸೇವಾ ನಿಯಮಗಳ ಪ್ರಕಾರ ಸರ್ಕಾರದ ಉಪಾಧ್ಯಾಯನಿಗೆ ಮುಷ್ಕರ ಹೂಡುವ ಅಧಿಕಾರವಿಲ್ಲ. ಅವನ ಸಂಘದೊಡನೆ ಕುಳಿತು ಒಪ್ಪಂದ ಮಾಡಿಕೊಳ್ಳಲೇಬೇಕೆಂಬ ಬಾಧ್ಯತೆ ಸರ್ಕಾರಕ್ಕೂ ಇಲ್ಲ. ಚುನಾವಣೆ ದೂರವಿದ್ದಿದ್ದರೆ, ಪರೀಕ್ಷೆ ಸಮೀಪಿಸದೆ ಇದ್ದಿದ್ದರೆ, ಅದೇ ಬೇಡಿಕೆಗಳನ್ನು ಹೊತ್ತ ಅದೇ ಮನವಿಪತ್ರ ಎಷ್ಟು ತಿಂಗಳು ಕಡತದಲ್ಲಿ ಮಲಗಿರುತ್ತಿತ್ತೋ ಹೇಳಬರುವಂತಿಲ್ಲ. ಲಕ್ಷಾಂತರ ಮಕ್ಕಳ ವಿದ್ಯಾಭ್ಯಾಸದ ಹೊಣೆ ಹೊತ್ತ ಒಂದು ವರ್ಗದ ಜೀವನೋಪಾಯ ಹೀಗೆ ಸಂದರ್ಭದ ಅನುಕೂಲ ಪ್ರತಿಕೂಲಗಳನ್ನು ಆಶ್ರಯಿಸಿರುವುದು ಉಪಾಧ್ಯಾಯರಿಗೂ ಕ್ಷೇಮವಲ್ಲ, ಶಾಲೆಗೂ ಕ್ಷೇಮವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸ್ಥಿತಿ ಹೇಗೆ ಒದಗಿತೆಂಬುದನ್ನು ತಿಳಿಯಬೇಕಾದರೆ ನ್ಯಾಯಾಲಯಗಳ ತೀರ್ಪುಗಳ ದಾರಿಯನ್ನು ಸ್ವಲ್ಪ ದೂರ ನಡೆದು ನೋಡಬೇಕು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದ ಎಲ್ಲ ನಾಗರಿಕರಿಗೂ ಕೊಟ್ಟಿರುವುದಷ್ಟೆ. ಆದರೆ ಸಂಘ ಕಟ್ಟಿದ ಮಾತ್ರಕ್ಕೆ ಆ ಸಂಘದ ಉದ್ದೇಶ ಸಫಲವಾಗಬೇಕೆಂಬ ಹಕ್ಕಾಗಲಿ, ಪರಿಣಾಮಕಾರಿಯಾದ ಸಾಮೂಹಿಕ ಚೌಕಾಶಿಯ ಹಕ್ಕಾಗಲಿ, ಮುಷ್ಕರದ ಹಕ್ಕಾಗಲಿ ಮೂಲಭೂತವಾಗಿ ದೊರೆಯುವುದಿಲ್ಲವೆಂದು ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1961ರಲ್ಲಿಯೇ ಹೇಳಿಬಿಟ್ಟಿತು. ಮರುವರ್ಷ ಬಿಹಾರದ ಸರ್ಕಾರಿ ನೌಕರರ ಮೊಕದ್ದಮೆಯಲ್ಲಿ, ಶಾಂತಿಯುತವಾದ ಪ್ರದರ್ಶನವನ್ನು ನಿಷೇಧಿಸಲಾಗದು, ಮುಷ್ಕರವನ್ನು ನಿಷೇಧಿಸಬಹುದು ಎಂದು ಗೆರೆ ಎಳೆಯಲಾಯಿತು. 1967ರಲ್ಲಿ ರೋಷನ್‌ಲಾಲ್ ಟಂಡನ್ ಪ್ರಕರಣದ ತೀರ್ಪು ಇನ್ನೂ ಮೂಲಕ್ಕೆ ಹೋಯಿತು: ಸರ್ಕಾರಿ ನೌಕರಿ ಒಪ್ಪಂದದಿಂದ ಆರಂಭವಾದರೂ, ಒಮ್ಮೆ ನೇಮಕವಾದ ಮೇಲೆ ನೌಕರನ ಹಕ್ಕುಬಾಧ್ಯತೆಗಳು ನಿಯಮಗಳಿಗೆ ಅಧೀನ, ಆ ನಿಯಮಗಳನ್ನು ನೌಕರನ ಒಪ್ಪಿಗೆಯಿಲ್ಲದೆಯೇ ಸರ್ಕಾರ ಬದಲಾಯಿಸಬಹುದು. ಸಂಬಳ, ಭತ್ಯೆ, ಬಡ್ತಿ, ವರ್ಗಾವಣೆ ಎಲ್ಲವೂ ಈ ಒಂದು ವಾಕ್ಯದ ಒಳಗೆ ಅಡಕವಾಗಿವೆ.

ಇವೆಲ್ಲ ಸರ್ಕಾರಿ ನೌಕರರಿಗೆ ಸಾಮಾನ್ಯವಾದ ಮಾತಾಯಿತು. ಉಪಾಧ್ಯಾಯನಿಗೇ ವಿಶಿಷ್ಟವಾದ ತೀರ್ಪು ಬೇರೆಯೊಂದಿದೆ, ಅದರ ಎಳೆ ನಮ್ಮ ಬೆಂಗಳೂರಿನಿಂದಲೇ ಹೊರಡುತ್ತದೆ. ಬೆಂಗಳೂರು ಜಲಮಂಡಲಿಯ ನೌಕರರ ಮೊಕದ್ದಮೆಯಲ್ಲಿ 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿನ ಉದ್ಯಮದ ವ್ಯಾಖ್ಯೆಯನ್ನು ಬಹಳ ವಿಶಾಲವಾಗಿ ಅರ್ಥೈಸಿ, ಆಸ್ಪತ್ರೆ, ವಿದ್ಯಾಸಂಸ್ಥೆ ಮೊದಲಾದುವು ಕೂಡ ಅದರೊಳಗೆ ಬರುತ್ತವೆಂದು ನಿರ್ಣಯಿಸಿತು. ಹಾಗಾದರೆ ಶಾಲೆಯಲ್ಲಿ ದುಡಿಯುವ ಉಪಾಧ್ಯಾಯನೂ ಆ ಕಾಯಿದೆಯ ರಕ್ಷಣೆಗೆ ಅರ್ಹನಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಗೋವೆಯ ಖಾಸಗಿ ಶಾಲೆಯೊಂದರ ಆಡಳಿತವರ್ಗ ಕೆಲಸದಿಂದ ತೆಗೆದುಹಾಕಿದ ಶಿಕ್ಷಕಿಯೊಬ್ಬರು ಈ ಪ್ರಶ್ನೆಯನ್ನು ದೆಹಲಿಯವರೆಗೆ ಕೊಂಡೊಯ್ದರು. 1988ರಲ್ಲಿ ಉತ್ತರ ಬಂದಿತು. ಅದನ್ನು ಬರೆದವರು ಮಂಡ್ಯ ಸೀಮೆಯಿಂದ ಬಂದು ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು. ಶಾಲೆ ಉದ್ಯಮವೆಂಬುದು ನಿಜ, ಆದರೆ ವಿದ್ಯಾದಾನವು ಪವಿತ್ರವಾದ ವೃತ್ತಿ. ಅದು ದೈಹಿಕ ಶ್ರಮವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ತಾಂತ್ರಿಕ ಕೆಲಸವೂ ಅಲ್ಲ. ಆದುದರಿಂದ ಉಪಾಧ್ಯಾಯನು ಆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಲ್ಲ ಎಂಬುದು ಆ ತೀರ್ಪಿನ ಸಾರ. ಪರಿಣಾಮವಾಗಿ ಒಂದೇ ಶಾಲೆಯ ಗುಮಾಸ್ತನಿಗೆ ದೊರೆಯುತ್ತಿದ್ದ ಕಾರ್ಮಿಕ ನ್ಯಾಯಾಲಯದ ಬಾಗಿಲು ಅದೇ ಶಾಲೆಯ ಮೇಷ್ಟರಿಗೆ ಮುಚ್ಚಿಕೊಂಡಿತು.

ತೀರ್ಪಿನ ಕೊನೆಯ ಭಾಗವನ್ನು ಓದದೆ ಆ ನ್ಯಾಯಮೂರ್ತಿಗಳನ್ನು ದೂಷಿಸುವುದು ಅನ್ಯಾಯವಾದೀತು. ಉಪಾಧ್ಯಾಯರಿಗೆ ಸಾಮಾಜಿಕ ನ್ಯಾಯವನ್ನು ನಿರಾಕರಿಸಲಾಗದು, ಅವರನ್ನು ಶೋಷಿಸುವ ಆಡಳಿತವರ್ಗಗಳುಂಟೆಂಬುದು ತಮಗೆ ತಿಳಿದಿದೆ, ಅವರಿಗೆ ಸಲ್ಲಬೇಕಾದುದನ್ನು ದೊರಕಿಸುವ ಸೂಕ್ತ ವ್ಯವಸ್ಥೆಯನ್ನು ಶಾಸನಮಾಡುವವರು ಕಲ್ಪಿಸಬೇಕು ಎಂದು ಅವರು ಸ್ಪಷ್ಟವಾಗಿಯೇ ಬರೆದರು. ತೀರ್ಪಿನ ಮೊದಲರ್ಧವನ್ನು ಆಡಳಿತವರ್ಗಗಳು ಶ್ರದ್ಧೆಯಿಂದ ಜ್ಞಾಪಕದಲ್ಲಿಟ್ಟುಕೊಂಡುವು. ಎರಡನೆಯ ಅರ್ಧವನ್ನು ಶಾಸನಸಭೆಗಳು ಅಷ್ಟೇ ಶ್ರದ್ಧೆಯಿಂದ ಅನುಸರಿಸಲಿಲ್ಲ. ಗ್ರಾಚ್ಯುಟಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಉಪಾಧ್ಯಾಯರು ಗ್ರಾಚ್ಯುಟಿ ಕಾಯಿದೆಯ ವ್ಯಾಖ್ಯೆಗೆ ಸೇರುವುದಿಲ್ಲವೆಂದು 2004ರಲ್ಲಿ ತೀರ್ಪಾದ ಮೇಲೆ, 2009ರ ತಿದ್ದುಪಡಿ ಬಂದು, 1997ರಿಂದಲೇ ಪೂರ್ವಾನ್ವಯವಾಗುವಂತೆ ಆ ಲೋಪವನ್ನು ಸರಿಪಡಿಸಬೇಕಾಯಿತು. ಖಾಸಗಿ ಶಾಲೆಗಳವರು ಅದನ್ನೂ ಪ್ರಶ್ನಿಸಿ, 2022ರಲ್ಲಿ ಸೋತ ಮೇಲೆಯೇ ಆ ವಿವಾದ ಕೊನೆಗಂಡಿತು.

ಮುಷ್ಕರದ ವಿಷಯದಲ್ಲಂತೂ ಅತ್ಯಂತ ಕಠೋರವಾದ ಪ್ರಸಂಗ ನಡೆದದ್ದು ನೆರೆಯ ತಮಿಳುನಾಡಿನಲ್ಲಿ. 2003ರ ಜುಲೈ ತಿಂಗಳಲ್ಲಿ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನೂ ಉಪಾಧ್ಯಾಯರನ್ನೂ ಅಲ್ಲಿಯ ಸರ್ಕಾರ ಒಮ್ಮೆಗೇ ವಜಾಮಾಡಿತು. ಸರ್ವೋಚ್ಚ ನ್ಯಾಯಾಲಯ ಅವರಲ್ಲಿ ಬಹುಮಂದಿಯನ್ನು ಕ್ಷಮಾಪಣೆ ಬರೆಸಿಕೊಂಡು ಮರಳಿ ಸೇರಿಸಿಕೊಳ್ಳುವ ದಾರಿಯನ್ನು ಮಾಡಿಕೊಟ್ಟಿತಾದರೂ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ, ಶಾಸನಬದ್ಧ ಹಕ್ಕಿಲ್ಲ, ನೈತಿಕ ಹಕ್ಕೂ ಇಲ್ಲ ಎಂದು ನಿಸ್ಸಂದೇಹವಾಗಿ ಸಾರಿತು. ನೈತಿಕ ಹಕ್ಕಿನ ವಿಚಾರವನ್ನು ನಾನು ಒಪ್ಪಲಾರೆ. ಆದರೆ ಶಾಲೆ ಮುಚ್ಚಿದಾಗ ಮೊದಲು ನಷ್ಟ ಅನುಭವಿಸುವವರು ಬೇರೆ ಶಾಲೆಗೆ ಫೀಸು ತೆರಲಾರದ ಕೂಲಿಯವರ, ಸಣ್ಣ ಹಿಡುವಳಿದಾರರ ಮಕ್ಕಳು ಎಂಬ ಮಾತಿಗೆ ಉಪಾಧ್ಯಾಯ ಸಂಘಗಳು ಪ್ರಾಮಾಣಿಕವಾಗಿ ಕಿವಿಗೊಡಲೇಬೇಕು. ಮುಷ್ಕರದ ಅಗತ್ಯವೇ ಬೀಳದಂಥ ಮಾತುಕತೆಯ ಪೀಠವೊಂದು ಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇರೆ ಬೇಕಿಲ್ಲ.

ಅಂಥ ಪೀಠದ ಸ್ಥಾನದಲ್ಲಿ ನಮ್ಮಲ್ಲಿರುವುದು ವೇತನ ಆಯೋಗ. ಕೆಲವು ವರ್ಷಗಳಿಗೊಮ್ಮೆ ಸರ್ಕಾರ ಅದನ್ನು ನೇಮಿಸುತ್ತದೆ. ಸಂಘಗಳು ಮನವಿಗಳನ್ನು ಸಲ್ಲಿಸುತ್ತವೆ. ಆಯೋಗ ಕೇಳುತ್ತದೆ, ಬರೆಯುತ್ತದೆ. ಅದರ ಶಿಫಾರಸುಗಳಲ್ಲಿ ಯಾವುದನ್ನು, ಎಂದಿನಿಂದ, ಎಷ್ಟರಮಟ್ಟಿಗೆ ಒಪ್ಪಬೇಕೆಂಬುದು ಮಾತ್ರ ಸಂಪೂರ್ಣವಾಗಿ ಸರ್ಕಾರದ ಇಚ್ಛೆ. ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ 2022ರ ನವೆಂಬರಿನಲ್ಲಿ ರಚಿತವಾದ ಏಳನೆಯ ವೇತನ ಆಯೋಗ 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು. 2022ರ ಜುಲೈ 1ರಂದು ಇದ್ದ ಶೇಕಡ 31ರ ತುಟ್ಟಿಭತ್ಯೆಯನ್ನು ಮೂಲವೇತನದಲ್ಲಿ ವಿಲೀನಗೊಳಿಸಿ, ಅದರೊಡನೆ ಮೂಲವೇತನದ ಶೇಕಡ 27.5ರ ಫಿಟ್‌ಮೆಂಟ್ ಹೆಚ್ಚಳವನ್ನೂ ಸೇರಿಸಿದುದರಿಂದ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. 25,800ರಿಂದ ಆರಂಭವಾಗುತ್ತಿದ್ದ ಪ್ರಾಥಮಿಕ ಶಾಲಾ ಶಿಕ್ಷಕರ ವೇತನಶ್ರೇಣಿ ನಲವತ್ತು ಸಾವಿರವನ್ನು ದಾಟಿತು. ಇದು ಅಲ್ಪವೆಂದು ಯಾರೂ ಹೇಳಲಾರರು. ಹಳ್ಳಿಯ ಶಾಲೆಯ ಮೇಷ್ಟರು ಇಂದು ಸಾಲವಿಲ್ಲದೆ ಮನೆ ನಡೆಸಬಲ್ಲರು, ಮಕ್ಕಳನ್ನು ಓದಿಸಬಲ್ಲರು. ಎರಡು ತಲೆಮಾರಿನ ಹಿಂದೆ ಈ ಸ್ಥಿತಿ ಇರಲಿಲ್ಲ, ಇದು ಸಂಘಗಳ ದೀರ್ಘಕಾಲದ ದುಡಿಮೆಯ ಫಲವೂ ಹೌದು.

ಆದರೆ ಏಕಪಕ್ಷೀಯವಾದ ಔದಾರ್ಯದ ಅಂಚುಗಳು ಎಲ್ಲಿ ಹರಿಯುತ್ತವೆಂಬುದನ್ನು ಈ ವರದಿಯನ್ನು ಜಾರಿಗೆ ತಂದ ಸರ್ಕಾರಿ ಆದೇಶದಲ್ಲಿಯೇ ಕಾಣಬಹುದು. ಪರಿಷ್ಕೃತ ವೇತನ ಕಾಲ್ಪನಿಕವಾಗಿ 2022ರ ಜುಲೈ 1ರಿಂದ ಲೆಕ್ಕಕ್ಕೆ ಬಂದರೂ, ಹಣದ ರೂಪದ ಲಾಭ ದೊರೆತದ್ದು 2024ರ ಆಗಸ್ಟ್ 1ರಿಂದ. ಈ ಇಪ್ಪತ್ತೈದು ತಿಂಗಳುಗಳ ನಡುವೆ ವಯೋನಿವೃತ್ತಿ ಹೊಂದಿದ ಶಿಕ್ಷಕಿಯೊಬ್ಬಳ ಸೇವಾಪುಸ್ತಕವನ್ನು ತೆರೆದು ನೋಡಿದರೆ, ಅವಳ ಮಾಸಿಕ ನಿವೃತ್ತಿವೇತನ ಹೊಸ ದರಕ್ಕೆ ಪರಿಷ್ಕಾರವಾಗಿದೆ. ಆದರೆ ಗ್ರಾಚ್ಯುಟಿ, ಗಳಿಕೆ ರಜೆಯ ನಗದೀಕರಣ, ನಿವೃತ್ತಿವೇತನದ ಪರಿವರ್ತಿತ ಮೊತ್ತ ಇವೆಲ್ಲ ಹಳೆಯ ಮೂಲವೇತನದ ಮೇಲೆಯೇ ಲೆಕ್ಕಹಾಕಲ್ಪಟ್ಟಿವೆ. 2024ರ ಜುಲೈ 31ರಂದು ನಿವೃತ್ತಳಾದವಳಿಗೂ ಆಗಸ್ಟ್ 31ರಂದು ನಿವೃತ್ತಳಾದ ಅವಳ ಸಹೋದ್ಯೋಗಿಗೂ, ಇಬ್ಬರೂ ಅಕ್ಕಪಕ್ಕದ ತರಗತಿಗಳಲ್ಲಿ ಅಷ್ಟೇ ವರ್ಷ ಪಾಠ ಹೇಳಿದ್ದರೂ, ಕೈಗೆ ಬಂದ ಇಡಿಗಂಟಿನಲ್ಲಿ ಲಕ್ಷಗಳ ಅಂತರ. ಈ ದಿನಾಂಕದ ವಿಷಯದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದವರೊಡನೆ ಒಪ್ಪಂದ ಮಾಡಿಕೊಂಡವರು ಯಾರೂ ಇಲ್ಲ. ಅವರು ಆಮೇಲೆ ತಮ್ಮದೇ ವೇದಿಕೆ ಕಟ್ಟಿಕೊಂಡು ಬೀದಿಗೆ ಬರಬೇಕಾಯಿತು.

ನಿವೃತ್ತಿವೇತನದ ವಿಷಯ ಇದಕ್ಕಿಂತ ಗಹನವಾದದ್ದು. 2006ರ ಏಪ್ರಿಲ್ 1ರಿಂದೀಚೆಗೆ ಕರ್ನಾಟಕದ ಸೇವೆಗೆ ಸೇರಿದವರೆಲ್ಲ ಹೊಸ ಯೋಜನೆಗೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಪಿಎಸ್‌ಗೆ, ಒಳಪಟ್ಟವರು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡ 10ನ್ನು ನೌಕರನೂ ಶೇಕಡ 14ನ್ನು ಸರ್ಕಾರವೂ ಪ್ರತಿ ತಿಂಗಳು ನಿಧಿಗೆ ಕಟ್ಟುತ್ತಾರೆ. ನಿವೃತ್ತಿಯ ದಿನ ಕೂಡಿದ ಗಂಟಿನಲ್ಲಿ ಶೇಕಡ 60ರವರೆಗೆ ಕೈಗೆ ಬಂದು, ಉಳಿದ ಶೇಕಡ 40ರಿಂದ ವರ್ಷಾಶನವನ್ನು ಕೊಳ್ಳಬೇಕು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕೊನೆಯ ಮೂಲವೇತನ 80,000 ರೂಪಾಯಿ ಇರುವ ಇಬ್ಬರು ಶಿಕ್ಷಕರಲ್ಲಿ ಹಳೆಯ ಪದ್ಧತಿಯವನಿಗೆ, ಪೂರ್ಣ ಸೇವೆ ಸಂದಿದ್ದರೆ, ತಿಂಗಳಿಗೆ 40,000 ರೂಪಾಯಿ ನಿವೃತ್ತಿವೇತನ, ಅದರ ಮೇಲೆ ಬೆಲೆಗಳೊಡನೆ ಏರುವ ತುಟ್ಟಿಭತ್ಯೆ. ಹೊಸ ಪದ್ಧತಿಯವನ ಗಂಟು 60 ಲಕ್ಷವಾಗಿದೆಯೆನ್ನಿ. ಅದರಲ್ಲಿ 24 ಲಕ್ಷವನ್ನು ವರ್ಷಾಶನಕ್ಕೆ ತೊಡಗಿಸಿ ಶೇಕಡ 6ರ ಆದಾಯ ಬಂದರೆ ತಿಂಗಳಿಗೆ 12,000 ರೂಪಾಯಿ. ಉಳಿದ 36 ಲಕ್ಷ ಅವನ ಕೈಯಲ್ಲಿರುವುದೇನೋ ನಿಜ, ಅದನ್ನು ಮರೆಮಾಚಿ ವಾದಿಸುವುದು ಸರಿಯಲ್ಲ; ಆದರೆ ಬೆಲೆ ಏರಿದಂತೆ ಏರದ ವರ್ಷಾಶನ, ಮಗಳ ಮದುವೆಗೋ ಮನೆಯ ಸಾಲಕ್ಕೋ ಕರಗುವ ಇಡಿಗಂಟು, ಇವೆರಡನ್ನು ನಂಬಿ ಎಂಬತ್ತರ ವಯಸ್ಸನ್ನು ಎದುರುನೋಡಬೇಕಾದವನ ಆತಂಕ ಕಾಲ್ಪನಿಕವಲ್ಲ.

ಸರ್ಕಾರದ ಖಜಾನೆಯ ವಾದಕ್ಕೂ ತೂಕವಿದೆ. ಹಳೆಯ ಪದ್ಧತಿಯ ಹೊರೆ ಇಂದಿನದಲ್ಲ, ಇನ್ನು ಮೂವತ್ತು ವರ್ಷಗಳ ಮೇಲಿನ ಆಯವ್ಯಯಗಳದು. ಹೊಸ ಶಾಲಾ ಕೊಠಡಿಗೂ ಹೊಸ ಉಪಾಧ್ಯಾಯನ ನೇಮಕಕ್ಕೂ ಮೀಸಲಾಗಬೇಕಾದ ಹಣವೇ ಅದಕ್ಕೆ ಹೋಗಬೇಕಾದೀತು. ರಾಜಸ್ಥಾನ, ಹಿಮಾಚಲ ಪ್ರದೇಶ ಮೊದಲಾದ ಕೆಲವು ರಾಜ್ಯಗಳು ಹಳೆಯದಕ್ಕೆ ಮರಳಲು ನಿರ್ಧರಿಸಿದುವು. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಏಕೀಕೃತ ಯೋಜನೆಯೆಂಬ ನಡುದಾರಿಯನ್ನು ಹಿಡಿಯಿತು. ಕರ್ನಾಟಕ ಇಲ್ಲಿಯವರೆಗೆ ಮಾಡಿರುವುದು, 2006ರ ಏಪ್ರಿಲ್‌ಗೆ ಮುಂಚೆಯೇ ನೇಮಕಾತಿಯ ಅಧಿಸೂಚನೆಯಾಗಿ ಆಮೇಲೆ ಸೇರಿದ ಸುಮಾರು 13,000 ನೌಕರರನ್ನು 2024ರ ಜನವರಿಯ ಆದೇಶದಿಂದ ಹಳೆಯ ಪದ್ಧತಿಗೆ ಸೇರಿಸಿದುದು. ಯಾವ ದಾರಿ ಸರಿಯೆಂಬುದರ ಬಗ್ಗೆ ಸಜ್ಜನರಲ್ಲಿಯೂ ಭಿನ್ನಾಭಿಪ್ರಾಯ ಸಾಧ್ಯ. ಲೆಕ್ಕಪತ್ರಗಳನ್ನು ಎರಡು ಪಕ್ಷಗಳೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಪರಿಶೀಲಿಸುವ ಶಾಸನಬದ್ಧ ಸಂದರ್ಭ ಮಾತ್ರ ಒಮ್ಮೆಯೂ ಬಂದಿಲ್ಲವೆಂಬುದೇ ನನ್ನ ಅಸಮಾಧಾನ.

ಉಪಾಧ್ಯಾಯರಿಗೆ ಧ್ವನಿಯೇ ಇಲ್ಲವೆಂದೂ ಹೇಳುವಂತಿಲ್ಲ. ಸಂವಿಧಾನದ 171ನೆಯ ಅನುಚ್ಛೇದ ವಿಧಾನ ಪರಿಷತ್ತಿನ ಹನ್ನೆರಡನೆಯ ಒಂದು ಭಾಗವನ್ನು ಉಪಾಧ್ಯಾಯರ ಮತಕ್ಕೆ ಬಿಟ್ಟಿದೆ. ಕರ್ನಾಟಕದ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳು. ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಲ್ಲಿ ಮೊದಲು ಆರಿಸಿಬಂದ ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೆಯ ಬಾರಿ ಗೆದ್ದು ಬಂದುದನ್ನು ನೋಡಿದರೆ ಆ ಕ್ಷೇತ್ರಗಳ ಬಾಂಧವ್ಯ ಎಷ್ಟು ಗಾಢವೆಂಬುದು ತಿಳಿಯುತ್ತದೆ. ಆದರೆ ಆ ಮತ ಮಾಧ್ಯಮಿಕ ಶಾಲೆಗಿಂತ ಕೆಳಗಿಲ್ಲದ ಸಂಸ್ಥೆಗಳಲ್ಲಿ ಕಲಿಸುವವರಿಗೆ ಮಾತ್ರ. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಶಿಕ್ಷಕನಿಗೆ, ಸಂಖ್ಯೆಯಲ್ಲಿ ಅವನೇ ಹೆಚ್ಚಾಗಿದ್ದರೂ, ಆ ಪೆಟ್ಟಿಗೆಯಲ್ಲಿ ಚೀಟಿ ಹಾಕುವ ಅಧಿಕಾರವಿಲ್ಲ. ಹೀಗೆ ಧ್ವನಿಯಿಲ್ಲದಿರುವುದರ ಫಲಕ್ಕೆ 2017ರ ವೃಂದ ಮತ್ತು ನೇಮಕಾತಿ ನಿಯಮಗಳ ಪ್ರಸಂಗವನ್ನೇ ನೋಡಬಹುದು: ಒಂದರಿಂದ ಏಳನೆಯ ತರಗತಿಯವರೆಗೆ ಕಲಿಸಲೆಂದೇ ನೇಮಕವಾಗಿ ವರ್ಷಗಟ್ಟಲೆ ಕಲಿಸಿದವರು ಒಮ್ಮೆಗೇ ಒಂದರಿಂದ ಐದನೆಯ ತರಗತಿಯ ಪಿಎಸ್‌ಟಿ ವೃಂದದವರಾದರು; ಆರರಿಂದ ಎಂಟರವರೆಗಿನದು ಪದವೀಧರ ಶಿಕ್ಷಕರ, ಅಂದರೆ ಜಿಪಿಟಿ ವೃಂದದ ಪಾಲಾಯಿತು. ಪದವಿಯೂ ಬಿ.ಎಡ್. ಕೂಡ ಇದ್ದು ಮೇಲಿನ ತರಗತಿಗಳಿಗೆ ಪಾಠ ಹೇಳುತ್ತಿದ್ದ ಹಳಬರು ಬಡ್ತಿಗೆ ಕಾಯುತ್ತ ಕೆಳಗಿನ ಶ್ರೇಣಿಯಲ್ಲಿಯೇ ಉಳಿದರು. 2024ರ ಆಗಸ್ಟಿನಲ್ಲಿ ಶಾಲೆಗಳನ್ನು ಬಿಟ್ಟು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನೆರೆದ ಪ್ರಾಥಮಿಕ ಶಾಲಾ ಶಿಕ್ಷಕರ ಮುಖ್ಯ ಅಳಲು ಇದೇ ಆಗಿತ್ತು.

ಇವರೆಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಅತಿಥಿ ಶಿಕ್ಷಕರಿದ್ದಾರೆ. ಖಾಲಿ ಹುದ್ದೆಗಳಿಗೆ ಪೂರ್ಣಾವಧಿಯ ನೇಮಕ ಮಾಡದೆ, ಶೈಕ್ಷಣಿಕ ವರ್ಷದ ಮಟ್ಟಿಗೆ ಸ್ಥಳೀಯವಾಗಿ ತೆಗೆದುಕೊಳ್ಳುವ ಇವರ ಸಂಖ್ಯೆ ರಾಜ್ಯದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿದೆ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ, ಪ್ರೌಢಶಾಲೆಯಲ್ಲಿ 10,500 ರೂಪಾಯಿ ಇದ್ದ ಗೌರವಧನ, 2025-26ರ ಆಯವ್ಯಯದಲ್ಲಿ 2,000 ರೂಪಾಯಿಯಷ್ಟು ಏರಿತು. ಅದೇ ಗಣಿತ, ಅದೇ ಪಠ್ಯಪುಸ್ತಕ, ಅದೇ ಮಕ್ಕಳು. ಪಕ್ಕದ ಕೊಠಡಿಯ ಕಾಯಂ ಶಿಕ್ಷಕನ ಸಂಬಳದ ಮೂರನೆಯ ಒಂದು ಪಾಲೂ ಇಲ್ಲ. ಬೇಸಗೆ ರಜೆಯಲ್ಲಿ ಸಂಬಳವಿಲ್ಲ, ತುಟ್ಟಿಭತ್ಯೆಯಿಲ್ಲ, ನಿವೃತ್ತಿಯ ಮಾತೇ ಇಲ್ಲ. ಜೂನ್ ತಿಂಗಳು ಬಂದಾಗ ಮತ್ತೆ ಅರ್ಜಿ, ಅಂಕಪಟ್ಟಿಯ ಮೇಲೆ ಮತ್ತೆ ಆಯ್ಕೆ. ಇನ್ನೊಬ್ಬ ಶಿಕ್ಷಕ ವರ್ಗವಾಗಿ ಆ ಹುದ್ದೆಗೆ ಬಂದ ದಿನ ಇವರ ಕೆಲಸ ಮುಗಿಯಿತು. ಬಲವಾದ ಸಂಘಗಳು ಕಾಯಂ ನೌಕರರ ಪರವಾಗಿ ತೋರಿದ ಹಟದ ಒಂದಂಶವನ್ನಾದರೂ ಇವರ ಪರವಾಗಿ ತೋರಿದ್ದರೆ ಸ್ಥಿತಿ ಹೀಗೆ ಉಳಿಯುತ್ತಿರಲಿಲ್ಲವೆಂದು ನಾನು ನೋವಿನಿಂದಲೇ ಬರೆಯುತ್ತೇನೆ. ಏಕೆಂದರೆ ಅಗ್ಗದ ದುಡಿಮೆ ದೊರೆಯುವತನಕ ಕಾಯಂ ನೇಮಕಾತಿಯನ್ನು ಮುಂದೂಡುವುದು ಯಾವ ಸರ್ಕಾರಕ್ಕೂ ಸುಲಭ, ಮುಂದೂಡಿದಷ್ಟೂ ಕಾಯಂ ಶಿಕ್ಷಕರ ಸಂಖ್ಯಾಬಲವೇ ಕುಗ್ಗುತ್ತದೆ.

ಮಾತುಕತೆಯ ಹಕ್ಕನ್ನು ಶಾಸನದಿಂದಲೇ ಪಡೆದ ದೇಶಗಳಲ್ಲಿಯೂ ಅದು ನಿರ್ಬಾಧವಾಗಿ ಉಳಿದಿಲ್ಲವೆಂಬುದನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ತೋರಿಸುತ್ತದೆ. ಸಾರ್ವಜನಿಕ ನೌಕರರಿಗೆ ಸಾಮೂಹಿಕ ಚೌಕಾಶಿಯ ಹಕ್ಕನ್ನು ಆ ದೇಶದಲ್ಲಿ ಮೊದಲು ಕೊಟ್ಟದ್ದು ಅದೇ ರಾಜ್ಯ, 1959ರಲ್ಲಿ. ಶಾಲಾ ಉಪಾಧ್ಯಾಯರ ಸಂಬಳ, ಆರೋಗ್ಯ ವಿಮೆ, ಕೆಲಸದ ಷರತ್ತುಗಳು ಎಲ್ಲವೂ ಲಿಖಿತ ಕರಾರಿನಲ್ಲಿ ನಿರ್ಣಯವಾಗುತ್ತಿದ್ದುವು. 2011ರಲ್ಲಿ ಗವರ್ನರ್ ಸ್ಕಾಟ್ ವಾಕರ್ ಕಾಲದಲ್ಲಿ ಬಂದ ಕಾಯಿದೆ ಆ ಚೌಕಾಶಿಯನ್ನು ಮೂಲವೇತನಕ್ಕೆ ಮಾತ್ರ ಸೀಮಿತಗೊಳಿಸಿ, ಅದಕ್ಕೂ ಬೆಲೆಸೂಚ್ಯಂಕದ ಮೇರೆಯನ್ನು ವಿಧಿಸಿ, ನಿವೃತ್ತಿನಿಧಿಯ ಅರ್ಧಪಾಲನ್ನು ನೌಕರರೇ ಕಟ್ಟಬೇಕೆಂದಿತು. ಕೋರಂ ಒದಗದಂತೆ ಮಾಡಲು ವಿರೋಧಪಕ್ಷದ ಹದಿನಾಲ್ಕು ಸೆನೆಟರುಗಳು ನೆರೆಯ ಇಲಿನಾಯ್ ರಾಜ್ಯಕ್ಕೆ ಹೊರಟುಹೋದರೂ, ಸಾವಿರಾರು ಶಿಕ್ಷಕರು ರಾಜಧಾನಿ ಮ್ಯಾಡಿಸನ್‌ನ ಶಾಸನಭವನವನ್ನು ವಾರಗಟ್ಟಲೆ ತುಂಬಿದರೂ ಕಾಯಿದೆಯನ್ನು ತಡೆಯಲಾಗಲಿಲ್ಲ. ಅದರ ನ್ಯಾಯಾನ್ಯಾಯಗಳ ವ್ಯಾಜ್ಯ ಅನಂತರವೂ ನ್ಯಾಯಾಲಯಗಳಲ್ಲಿ ಮುಂದುವರಿಯಿತು. 2024ರ ಡಿಸೆಂಬರಿನಲ್ಲಿ ಕೆಳ ನ್ಯಾಯಾಲಯವೊಂದು ಅದರ ಬಹುಭಾಗವನ್ನು ಅಸಿಂಧುಗೊಳಿಸಿತು, ಆ ತೀರ್ಪಿನ ಮೇಲೆ ಮೇಲ್ಮನವಿ ಹೋಯಿತು. ಆದರೂ ಅಲ್ಲಿಯ ಉಪಾಧ್ಯಾಯರು ತಮ್ಮ ಕೈಯಿಂದ ಏನು ಹೋಯಿತೆಂಬುದನ್ನು ಕರಾರಿನ ಪುಟ ತೆರೆದು ಬೆರಳಿಟ್ಟು ತೋರಿಸಬಲ್ಲವರಾಗಿದ್ದರು.

ನಮ್ಮಲ್ಲಿ ಅಂಥ ಪುಟವೇ ಬರೆಯಲ್ಪಡಲಿಲ್ಲ, ಬರೆಯಬೇಕೆಂಬ ಸಲಹೆ ಮಾತ್ರ ಬಹಳ ಹಿಂದೆಯೇ ಬಂದಿತ್ತು. 1966ರ ಅಕ್ಟೋಬರ್ 5ರಂದು ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಉಪಾಧ್ಯಾಯರ ಸ್ಥಾನಮಾನವನ್ನು ಕುರಿತು ಅಂಗೀಕರಿಸಿದ ಶಿಫಾರಸು, ಸಂಬಳವೂ ಸೇವಾ ಷರತ್ತುಗಳೂ ಉಪಾಧ್ಯಾಯರ ಸಂಘಗಳೊಡನೆ ಮಾತುಕತೆಯ ಮೂಲಕ ನಿರ್ಧಾರವಾಗಬೇಕೆಂದಿತು. ಅದೇ ವರ್ಷ ಡಿ. ಎಸ್. ಕೊಠಾರಿಯವರ ಶಿಕ್ಷಣ ಆಯೋಗ, ಪ್ರತಿಯೊಂದು ರಾಜ್ಯದಲ್ಲಿಯೂ ಸರ್ಕಾರ ಮತ್ತು ಶಿಕ್ಷಕರ ಜಂಟಿ ಮಂಡಲಿಯೊಂದಿರಬೇಕೆಂದು ಸೂಚಿಸಿತು. ಕೇಂದ್ರ ಸರ್ಕಾರದ ನೌಕರರಿಗಾಗಿ ಜಂಟಿ ಸಮಾಲೋಚನಾ ವ್ಯವಸ್ಥೆ ಸ್ಥಾಪಿತವಾದುದೂ 1966ರಲ್ಲಿಯೇ. ಅದರಲ್ಲಿ ವೇತನ, ಕೆಲಸದ ಅವಧಿ, ರಜೆ ಈ ಮೂರು ವಿಷಯಗಳಲ್ಲಿ ಒಮ್ಮತ ಬಾರದಿದ್ದರೆ ಪಂಚಾಯಿತಿಗೆ, ಅಂದರೆ ಮಧ್ಯಸ್ಥರ ತೀರ್ಮಾನಕ್ಕೆ, ಒಪ್ಪಿಸುವ ಏರ್ಪಾಡಿದೆ. ಸಾರ್ವಭೌಮ ಸರ್ಕಾರದ ಗೌರವಕ್ಕೆ ಅದರಿಂದ ಯಾವ ಕುಂದೂ ಬಂದಿಲ್ಲ.

ರಾಜ್ಯದ ಉಪಾಧ್ಯಾಯರಿಗಾಗಿಯೂ ಅಂಥ ಮಂಡಲಿಯನ್ನು ಸರ್ಕಾರಿ ಆದೇಶದಿಂದಲ್ಲದೆ ಶಾಸನದಿಂದಲೇ ಕಲ್ಪಿಸಬೇಕು. ಪ್ರಾಥಮಿಕ ಶಿಕ್ಷಕರಿಗೂ ಅತಿಥಿ ಶಿಕ್ಷಕರಿಗೂ ಅದರಲ್ಲಿ ತಾವೇ ಆರಿಸಿದ ಪ್ರತಿನಿಧಿಗಳಿರಬೇಕು. ಮಕ್ಕಳ ತಂದೆತಾಯಿಗಳ ಪರವಾಗಿ ಶಾಲಾಭಿವೃದ್ಧಿ ಸಮಿತಿಗಳವರೂ ಕುಳಿತು ಕೇಳುವಂತಿರಬೇಕು. ವೇತನ ಆಯೋಗದ ವರದಿ ಸಂಪುಟದ ಮುಂದೆ ಹೋಗುವ ಮುನ್ನ ಈ ಮಂಡಲಿಯ ಮುಂದೆ ಬರಬೇಕು. ಇಂತಿಷ್ಟು ತಿಂಗಳೊಳಗೆ ಒಪ್ಪಂದವಾಗದಿದ್ದರೆ ವಿಷಯ ತಾನಾಗಿಯೇ ಪಂಚಾಯಿತಿಗೆ ಹೋಗಬೇಕು, ಆ ಅವಧಿಯಲ್ಲಿ ಯಾರೂ ಶಾಲೆಯನ್ನು ಮುಚ್ಚಬಾರದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವಲ್ಲದೆ ಬೇರೆ ಕೆಲಸಗಳಿಗೆ ಶಿಕ್ಷಕರನ್ನು ತೊಡಗಿಸಬಾರದೆಂದು ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣ ವಿಧಿಸಿದ್ದರೂ, 2025ರ ದಸರೆಯ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಅವರು ಮನೆಮನೆ ಅಲೆಯಬೇಕಾಗಿ, ಶಾಲೆಗಳು ಅಕ್ಟೋಬರ್ 18ರವರೆಗೆ ಮುಚ್ಚಿದ್ದುದು ಕೂಡ ಅಂಥ ಮಂಡಲಿಯ ಮುಂದೆ ಮೊದಲೇ ಚರ್ಚೆಯಾಗಬೇಕಾಗಿದ್ದ ವಿಷಯ. ಅತಿಥಿ ಶಿಕ್ಷಕನ ಹನ್ನೆರಡು ಸಾವಿರವನ್ನು ಕಾಯಂ ಶಿಕ್ಷಕನ ಆರಂಭವೇತನಕ್ಕೆ ಯಾವ ಪ್ರಮಾಣದಲ್ಲಿ ಜೋಡಿಸಬೇಕು, ಅವನ ಸೇವೆಯ ಎಷ್ಟು ವರ್ಷಗಳನ್ನು ಕಾಯಂ ನೇಮಕಾತಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಆ ಮಂಡಲಿ ತನ್ನ ಮೊದಲನೆಯ ಸಭೆಯ ಮೊದಲನೆಯ ವಿಷಯವಾಗಿ ಎತ್ತಿಕೊಳ್ಳಲಿ.